ಹೃದಯದ ರಂಧ್ರವೂ ವಿದೇಶಯಾತ್ರೆಯೂ

ಹುಟ್ಟುವಾಗಲೇ ಹೃದಯದ ಒಳಗೋಡೆಯಲ್ಲಿ ರಂಧ್ರವಿರುವ ಮಗುವಿಗೆ ತಕ್ಕ ಚಿಕಿತ್ಸೆ ದೊರೆಯಬೇಕಾದರೆ ವಿಮಾನವೇರಿ ಪರದೇಶಕ್ಕೇ ಹೋಗಬೇಕೆಂಬ ನಂಬಿಕೆಯು ನಮ್ಮ ಅನುಕೂಲಸ್ಥರಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಎದೆಯನ್ನು ಸೀಳದೆಯೇ ರಂಧ್ರವನ್ನು ಮುಚ್ಚುವ ಕ್ರಮವು ಬಂದ ಬಳಿಕವಂತೂ, ಇಂತಹ ನೂತನ ವಿದ್ಯೆಯು ಹೊರನಾಡಿನಲ್ಲಲ್ಲದೆ ಇಲ್ಲಿ ದೊರೆಯಲಾರದೆಂದು ಭಾವಿಸುವವರುಂಟು. ಈ ನಂಬಿಕೆಯು ಒಂದು ಕಾಲಕ್ಕೆ ಸಕಾರಣವಾಗಿತ್ತು. ಇಂದು ಅದು ಕೇವಲ ಅಭ್ಯಾಸಬಲ. ಆದರೆ ವಿದೇಶಯಾತ್ರೆ ತಪ್ಪಿದ ಮಾತ್ರಕ್ಕೆ ನಮ್ಮ ಹೊಣೆಯು ತೀರಿತೆಂದು ತಿಳಿಯುವುದು ಅದಕ್ಕಿಂತಲೂ ದೊಡ್ಡ ಭ್ರಮೆ.

1953ನೆಯ ಇಸವಿಯ ಮೇ ತಿಂಗಳಲ್ಲಿ ಅಮೇರಿಕದ ಫಿಲಡೆಲ್ಫಿಯಾ ನಗರದಲ್ಲಿ ಡಾಕ್ಟರ್ ಜಾನ್ ಗಿಬ್ಬನ್‌ರವರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯದ ಮೇಲಿನ ಕೋಣೆಗಳ ನಡುವಣ ರಂಧ್ರವನ್ನು ಹೊಲಿದರು. 1970ರ ದಶಕದ ಮಧ್ಯದಲ್ಲಿ ಕಿಂಗ್ ಮತ್ತು ಮಿಲ್ಸ್ ಎಂಬ ಅಮೇರಿಕದ ವೈದ್ಯರು ಶಸ್ತ್ರವಿಲ್ಲದೆಯೇ ಅದನ್ನು ಮುಚ್ಚಿ ತೋರಿಸಿದರು. ಇಂದಿನ ಕ್ರಮವು ಹೀಗಿದೆ: ತೊಡೆಯ ರಕ್ತನಾಳದೊಳಗಿಂದ ಸಪೂರವಾದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಅದರೊಳಗೆ ಮಡಚಿಟ್ಟ ಮುಚ್ಚಳವನ್ನು ರಂಧ್ರದ ಎರಡು ಮಗ್ಗುಲಲ್ಲಿಯೂ ಕೊಡೆಯಂತೆ ಅರಳಿಸುತ್ತಾರೆ. ನಿಕ್ಕಲ್ ಮತ್ತು ಟೈಟೇನಿಯಮ್ ಲೋಹಗಳ ಮಿಶ್ರಣದ ತಂತಿಯಿಂದ ಹೆಣೆದ ಈ ಮುಚ್ಚಳದ ಮೇಲೆ ಕೆಲವು ತಿಂಗಳಲ್ಲಿ ದೇಹದ ಪೊರೆಯೇ ಬೆಳೆದು ಗೋಡೆಯು ಒಂದಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ರೋಗಿಯು ಮನೆಗೆ ಮರಳಬಹುದು. ಆದರೆ ಎಲ್ಲ ರಂಧ್ರಗಳಿಗೂ ಇದು ಸಲ್ಲದು. ಮುಚ್ಚಳವು ಹಿಡಿದು ನಿಲ್ಲಲು ಸುತ್ತಲೂ ಸಾಕಷ್ಟು ಅಂಚು ಇರಬೇಕು. ಇಲ್ಲದಲ್ಲಿ ಶಸ್ತ್ರಚಿಕಿತ್ಸೆಯೇ ಗತಿ.

ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದುಳಿದಿಲ್ಲ. ಗಿಬ್ಬನ್‌ರವರ ಪ್ರಯೋಗ ನಡೆದ ವರ್ಷವೇ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆಯಿದೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾಕ್ಟರ್ ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯವಿದೆ. 2003ರ ಜುಲೈ ತಿಂಗಳಲ್ಲಿ ಡಿಲ್ಲಿ-ಲಾಹೋರ್ ಬಸ್ಸು ಪುನಃ ಓಡತೊಡಗಿದಾಗ, ಪಾಕಿಸ್ತಾನದ ಎರಡೂವರೆ ವರ್ಷದ ಹೆಣ್ಣುಮಗುವೊಂದು ಅದರಲ್ಲಿ ಗಡಿ ದಾಟಿ ಬಂದು, ಅಲ್ಲಿಯೇ ಹೃದಯದ ಚಿಕಿತ್ಸೆ ಪಡೆದು ಗುಣಹೊಂದಿ ಮರಳಿತು. ಪರದೇಶದವರು ನಮ್ಮಲ್ಲಿಗೆ ಬರುತ್ತಿರುವಾಗ ನಮ್ಮವರು ಹೊರಕ್ಕೆ ಧಾವಿಸುವುದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ.

ಸ್ವದೇಶಿಯು ಇನ್ನೊಂದು ಹೆಜ್ಜೆಯನ್ನೂ ಇಡಬೇಕಾಗಿದೆ. ವೈದ್ಯರು ನಮ್ಮವರಾದರೂ ಅವರ ಕೈಯ ಮುಚ್ಚಳವು ಬಹುಕಾಲದಿಂದ ಆಮದಿನ ಸರಕು. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದ ಡಾಕ್ಟರ್ ವಲಿಯತ್ತಾನರ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ಹೃದಯದ ಕೃತಕ ಕವಾಟವನ್ನು ತಯಾರಿಸಿ, 1990ರಲ್ಲಿ ರೋಗಿಗೆ ಜೋಡಿಸಿತು. ಅದೇ ಸಂಸ್ಥೆಯು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದೊಡನೆ ಸೇರಿ ರಂಧ್ರದ ಮುಚ್ಚಳವನ್ನೂ ರೂಪಿಸಿ, 2020ರಲ್ಲಿ ಅದರ ತಂತ್ರವನ್ನು ಪುಣೆಯ ಕಂಪೆನಿಯೊಂದಕ್ಕೆ ಒಪ್ಪಿಸಿತು. ಇಂತಹ ಉದ್ಯಮವನ್ನು ಪೋಷಿಸುವುದು ಸರಕಾರದ ಕರ್ತವ್ಯ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8-9 ಶಿಶುಗಳಿಗೆ ಹೃದಯದ ಯಾವುದಾದರೊಂದು ದೋಷವಿರುತ್ತದೆಂದು ವೈದ್ಯರ ಅಂದಾಜು. ಕೆಲವು ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡ ರಂಧ್ರಗಳನ್ನು ಉಪೇಕ್ಷಿಸಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ಏರುತ್ತ ಹೋಗಿ, ಕಡೆಗೆ ಮುಚ್ಚುವುದೇ ಅಪಾಯವೆಂಬ ಸ್ಥಿತಿ ಬರಬಹುದು. ಆಗ ಎಂತಹ ಆಸ್ಪತ್ರೆಯೂ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಾಲು ಕುಡಿಯುವಾಗ ಬೆವರಿ ಬಳಲುವ, ಮೈಹತ್ತದ, ಪದೇಪದೇ ಕಫಜ್ವರದಿಂದ ನರಳುವ ಮಗುವನ್ನು ದೃಷ್ಟಿ ತಾಗಿತೆಂದು ಮನೆಯಲ್ಲಿಯೇ ಇಟ್ಟುಕೊಳ್ಳುವುದರಿಂದ ಅಮೂಲ್ಯವಾದ ಕಾಲವು ಕಳೆಯುತ್ತದೆ. ಮೇಲಿನ ಕೋಣೆಗಳ ರಂಧ್ರವಂತೂ ಪ್ರಾಯಕ್ಕೆ ಬರುವವರೆಗೆ ಲಕ್ಷಣವನ್ನೇ ತೋರದಿರಬಹುದು.

ದುಡ್ಡಿನ ಏರ್ಪಾಡು ಇಲ್ಲವೆನ್ನುವಂತಿಲ್ಲ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಒದಗಿಸಿತು. ಆದರೆ ಶಿರೂರಿನ ಮೀನುಗಾರನಿಗಾಗಲಿ ಕೊಲ್ಲೂರಿನ ಕಾಡಂಚಿನ ಕೂಲಿಯವನಿಗಾಗಲಿ ಮಣಿಪಾಲಕ್ಕೆ 70-80 ಕಿಲೋಮೀಟರುಗಳ ಹಾದಿ; ಬೆಂಗಳೂರಿಗೆ 400ಕ್ಕೂ ಮಿಕ್ಕಿ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕೊಮ್ಮೆ, ಎಕೋ ಪರೀಕ್ಷೆಗೊಮ್ಮೆ, ಚಿಕಿತ್ಸೆಗೊಮ್ಮೆ ಎಂದು ದಿನದ ಕೂಲಿ ಬಿಟ್ಟು ತಿರುಗಬೇಕಾದವನಿಗೆ ಇದೇ ವಿದೇಶಯಾತ್ರೆಯಲ್ಲವೆ?

ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ತಾಲೂಕುಗಳಾದುವು. ಹೆಸರಿಗೆ ತಕ್ಕ ಸೌಕರ್ಯವೂ ಅಲ್ಲಿರಬೇಕು. ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಗೊತ್ತಾದ ದಿನ ಮಕ್ಕಳ ಹೃದ್ರೋಗತಜ್ಞರು ಬಂದು ಮೂರು ತಾಲೂಕುಗಳ ಸಂದೇಹಾಸ್ಪದ ಮಕ್ಕಳಿಗೂ ಎಕೋ ಪರೀಕ್ಷೆ ನಡೆಸುವಂತೆ ಜಿಲ್ಲಾ ಅಧಿಕಾರಿಗಳು ಏರ್ಪಡಿಸಲಿ. ಶಿಫಾರಸು ಪತ್ರವು ಅಲ್ಲಿಯೇ, ಅದೇ ದಿನ ಕೈಸೇರಲಿ. ಅಂಗನವಾಡಿಯಲ್ಲಿ ಗುರುತಿಸಿದ ಪ್ರತಿ ಮಗುವೂ ಚಿಕಿತ್ಸೆ ಮುಟ್ಟಿತೇ ಎಂಬ ಲೆಕ್ಕವನ್ನು ತಾಲೂಕಿನ ಆರೋಗ್ಯಾಧಿಕಾರಿಗಳು ಇಡಲಿ. ಮುಂಬಯಿ, ಬೆಂಗಳೂರು, ಕೊಲ್ಲಿ ನಾಡುಗಳಲ್ಲಿ ದುಡಿದು ಮೇಲೆ ಬಂದ ನಮ್ಮ ಮಹಾಜನರು, ಮಗುವಿನೊಡನೆ ಹೋಗುವ ತಾಯಿತಂದೆಗಳ ದಾರಿಖರ್ಚು ಮತ್ತು ಊಟವಸತಿಗಾಗಿ ಒಂದು ನಿಧಿಯನ್ನು ಕೂಡಿಸಲಿ. ಒಬ್ಬ ಧನಿಕನ ವಿದೇಶಯಾತ್ರೆಯ ವೆಚ್ಚದಲ್ಲಿ ಇಂತಹ ಎಷ್ಟೋ ಕುಟುಂಬಗಳು ಮಣಿಪಾಲಕ್ಕೆ ಹೋಗಿಬರಬಹುದು. ಈ ಕೆಲಸಕ್ಕೆ ಹೊಸ ಕಾನೂನಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಅಧಿಕಾರಿಗಳೂ ಮಹಾಜನರೂ ತಡಮಾಡದೆ ಇದಕ್ಕೆ ತೊಡಗುವರೆಂದು ನಂಬುತ್ತೇವೆ.