ಅಜ್ಜಿಯ ಸಾಸಿವೆ ಡಬ್ಬಿ

ಮಕ್ಕಳೇ, ನಮ್ಮ ಮನೆಯ ಅಜ್ಜಿ ತೀರಿಕೊಂಡು ಮೂರು ತಿಂಗಳಾಯಿತು. ಅವಳ ಸಾಸಿವೆ ಡಬ್ಬಿಯನ್ನು ನಾನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. “ಯಾಕೆ ತಾತ?” ಎಂದಳು ಮೊಮ್ಮಗಳು. ಉತ್ತರ ಹೊಳೆಯದೆ ಕಿಸಾ ಗೋತಮಿಯ ಕಥೆ ಹೇಳಿದೆ.

ಸತ್ತ ಮಗುವನ್ನೆತ್ತಿಕೊಂಡು ಶ್ರಾವಸ್ತಿಯ ಬೀದಿಗಳಲ್ಲಿ ಮದ್ದಿಗಾಗಿ ಅಲೆದ ತಾಯಿ ಅವಳು. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಬುದ್ಧ ಹೇಳಿದ. ಸಾಸಿವೆ ಎಲ್ಲರ ಮನೆಯಲ್ಲೂ ಇತ್ತು; ಸಾವು ಕಾಣದ ಮನೆ ಒಂದೂ ಸಿಗಲಿಲ್ಲ. ದುಃಖ ತನ್ನೊಬ್ಬಳದೇ ಅಲ್ಲವೆಂದು ತಿಳಿದು, ಮಗುವನ್ನು ಬಿಟ್ಟುಕೊಟ್ಟು, ಅವಳು ಭಿಕ್ಷುಣಿಯಾದಳು.

“ಆದ್ರೂ ಎಲ್ರೂ ಸಾಸಿವೆ ಕೊಡೋಕೆ ಬಂದಿದ್ರಲ್ವಾ ತಾತ?” ಎಂದಳು ಪುಟ್ಟಿ.

ಹೌದಲ್ಲ! ನಮ್ಮ ಅಜ್ಜಿಯೂ ಕೇಳಿದವರಿಗೆ ಇಲ್ಲ ಎಂದವಳಲ್ಲ. ನಾನೇಕೆ ಬಚ್ಚಿಟ್ಟೆ?

ಅಂದು ನಾನೇ ಡಬ್ಬಿ ತೆರೆದೆ. ಸಾರಿಗೆ ಚಟಪಟ ಒಗ್ಗರಣೆ ಬಿತ್ತು.