ಮಿದುಳಿಗೆ ಔಷಧ ಸಾಗಣೆ: ಅಳತೆ ಮೊದಲು, ಮಾರಾಟ ಆನಂತರ

ಸರಕು ಎಷ್ಟೇ ಉತ್ಕೃಷ್ಟವಾಗಿದ್ದರೂ ಗ್ರಾಹಕನ ಬಾಗಿಲನ್ನು ತಲುಪದಿದ್ದಲ್ಲಿ ಅದಕ್ಕೆ ಬೆಲೆಯಿಲ್ಲವೆಂಬುದು ವರ್ತಕರೆಲ್ಲರೂ ಬಲ್ಲ ಸಂಗತಿ. ಮಿದುಳಿನ ಕಾಯಿಲೆಗಳ ವಿಷಯದಲ್ಲಿ ಔಷಧೋದ್ಯಮ ಎದುರಿಸುತ್ತಿರುವ ತೊಡಕೂ ಇದೇ ಆಗಿದೆ. ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ರಕ್ತದಲ್ಲಿ ಬರುವ ಬಹುತೇಕ ವಸ್ತುಗಳನ್ನು ತಡೆದು ನಿಲ್ಲಿಸುತ್ತವೆ. ಸಣ್ಣ ಅಣುಗಳ ಔಷಧಗಳಲ್ಲಿಯೂ ಶೇ. 98ರಷ್ಟು ಈ ಸುಂಕದಕಟ್ಟೆಯನ್ನು ದಾಟಲಾರವೆಂಬ ಅಂದಾಜು ತಜ್ಞರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ.

ಇದಕ್ಕೆ ಪರಿಹಾರವಾಗಿ ವಿಜ್ಞಾನಿಗಳು ದೇಹದ ಸ್ವಂತ ಸಾಗಣೆ ವ್ಯವಸ್ಥೆಯತ್ತ ದೃಷ್ಟಿ ಹರಿಸಿದ್ದಾರೆ. ಜೀವಕೋಶಗಳು ತಮ್ಮ ಪೊರೆಯಿಂದಲೇ ಅತಿ ಸೂಕ್ಷ್ಮ ಚೀಲಗಳನ್ನು ರಚಿಸಿ ಹೊರಬಿಡುತ್ತವೆ. ಇವುಗಳಲ್ಲಿ ಎಕ್ಸೋಸೋಮ್ ಎಂಬ ಬಗೆಯವು ಸುಮಾರು 30ರಿಂದ 150 ನ್ಯಾನೊಮೀಟರ್ ಗಾತ್ರದವು. 1983ರಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳ ಅಧ್ಯಯನದಲ್ಲಿ ಇವು ಬೆಳಕಿಗೆ ಬಂದಾಗ, ಜೀವಕೋಶದ ಕಸವನ್ನು ಹೊರಹಾಕುವ ವ್ಯವಸ್ಥೆ ಎಂದಷ್ಟೇ ಬಗೆಯಲಾಗಿತ್ತು. ಒಂದು ಕೋಶದಿಂದ ಇನ್ನೊಂದಕ್ಕೆ ಇವು ಸಂದೇಶಗಳನ್ನು ಒಯ್ಯುತ್ತವೆಂಬುದು ಅನಂತರ ತಿಳಿಯಿತು.

2011ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ವುಡ್ ಅವರ ತಂಡ ಪ್ರಕಟಿಸಿದ ಪ್ರಯೋಗ ಮಹತ್ವದ ಘಟ್ಟವಾಯಿತು. ಇಲಿಯ ರೋಗನಿರೋಧಕ ಕೋಶಗಳಿಂದ ಪಡೆದ ಚೀಲಗಳ ಮೇಲೆ, ನರಕೋಶಗಳಿಗೆ ಅಂಟಿಕೊಳ್ಳಬಲ್ಲ ರೇಬಿಸ್ ವೈರಾಣುವಿನ ಪ್ರೋಟೀನಿನ ತುಣುಕನ್ನು ವಿಳಾಸದ ಚೀಟಿಯಂತೆ ಅಳವಡಿಸಲಾಯಿತು. ಒಳಗೆ ಆರ್‌ಎನ್‌ಎ ಔಷಧವನ್ನು ತುಂಬಿ ಇಲಿಗಳ ರಕ್ತನಾಳಕ್ಕೆ ನೀಡಿದಾಗ, ಆಲ್‌ಝೈಮರ್ ಕಾಯಿಲೆಗೆ ಸಂಬಂಧಿಸಿದ ಬೇಸ್-1 ಎಂಬ ಪ್ರೋಟೀನು ಮಿದುಳಿನಲ್ಲಿ ಶೇ. 62ರಷ್ಟು ತಗ್ಗಿತು.

ಫಲಿತಾಂಶ ಆಶಾದಾಯಕವೆಂಬುದು ನಿರ್ವಿವಾದ. ಆದರೆ ಪ್ರಯೋಗಶಾಲೆಯ ಯಶಸ್ಸು ಕಾರ್ಖಾನೆಯ ಯಶಸ್ಸಲ್ಲ. ರಕ್ತಕ್ಕೆ ನೀಡಿದ ಚೀಲಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲಿಯೇ ಉಳಿದುಬಿಡುತ್ತವೆ. ವ್ಯಾಪಾರದ ಭಾಷೆಯಲ್ಲಿ ಇದು ಭಾರಿ ಸಾಗಣೆ ನಷ್ಟ. ಕೋಶಗಳನ್ನು ಬೆಳೆಸುವ ವಿಧಾನ ಕಿಂಚಿತ್ತು ಬದಲಾದರೂ ಚೀಲದೊಳಗಿನ ಸಾಮಗ್ರಿ ಬದಲಾಗುತ್ತದೆ. ಶುದ್ಧೀಕರಣದ ಇಳುವರಿ ಕಡಿಮೆ. ದಾಸ್ತಾನಿಗೆ ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಶೈತ್ಯ ಬೇಕು. ಒಂದು ಬ್ಯಾಚಿನ ಸರಕು ಮುಂದಿನ ಬ್ಯಾಚಿಗೆ ಸಮವೆಂದು ಹೇಳಲು ಸರ್ವಸಮ್ಮತ ಮಾನದಂಡ ಇನ್ನೂ ರೂಪುಗೊಂಡಿಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2014, 2018 ಹಾಗೂ 2023ರ ಮಾರ್ಗಸೂಚಿಗಳನ್ನು ಹೊರತಂದಿದೆಯಾದರೂ ಅವು ಮುಖ್ಯವಾಗಿ ಸಂಶೋಧಕರಿಗೆ ಸಂಬಂಧಿಸಿದವು.

ಬಂಡವಾಳದ ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕದ ಕೋಡಿಯಾಕ್ ಬಯೋಸೈನ್ಸಸ್ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಗಾಗಿ ಎಕ್ಸೋಸೋಮ್ ಔಷಧಗಳನ್ನು ರೂಪಿಸುತ್ತ, 2020ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ಷೇರು ನೀಡಿಕೆಯಿಂದ 8.25 ಕೋಟಿ ಡಾಲರ್ ಸಂಗ್ರಹಿಸಿತು. 2023ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ನರರೋಗಗಳ ಆರ್‌ಎನ್‌ಎ ಔಷಧಗಳಿಗಾಗಿ ಎಲೈ ಲಿಲ್ಲಿ ಕಂಪನಿಯು ಆಕ್ಸ್‌ಫರ್ಡಿನ ಎವಾಕ್ಸ್ ಸಂಸ್ಥೆಯೊಡನೆ 2020ರಲ್ಲಿ ಮಾಡಿಕೊಂಡ ಒಪ್ಪಂದದ ಮೌಲ್ಯ 120 ಕೋಟಿ ಡಾಲರ್‌ವರೆಗೆ ಎಂದು ಪ್ರಚಾರವಾಯಿತು. ಮುಂಗಡ ನಗದು ಮಾತ್ರ 2 ಕೋಟಿ ಡಾಲರ್. ಉಳಿದದ್ದು ಮುಖ್ಯವಾಗಿ ಗುರಿ ಮುಟ್ಟಿದಾಗ ಬರಬೇಕಾದ ಹಣ. ಶೀರ್ಷಿಕೆಯ ಅಂಕಿಗೂ ಕೈಗೆ ಬಂದ ರೊಕ್ಕಕ್ಕೂ ಇರುವ ಈ ಅಂತರವನ್ನು ಹೂಡಿಕೆದಾರರು ಗಮನಿಸತಕ್ಕದ್ದು.

ಇಷ್ಟಾದರೂ ಚರ್ಮದ ಕಾಂತಿಗೆ, ಕೂದಲಿನ ಬೆಳವಣಿಗೆಗೆ ಎಂಬ ಹೆಸರಿನಲ್ಲಿ ಎಕ್ಸೋಸೋಮ್ ಸರಕುಗಳು ಮಾರುಕಟ್ಟೆಗೆ ಬಂದಿವೆ. ಅನುಮೋದನೆಯಿಲ್ಲದ ಇಂತಹ ಉತ್ಪನ್ನಗಳಿಂದ ನೆಬ್ರಾಸ್ಕಾದಲ್ಲಿ ರೋಗಿಗಳಿಗೆ ಗಂಭೀರ ದುಷ್ಪರಿಣಾಮವಾದ ಬಳಿಕ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಔಷಧವಾಗಿ ಬಳಸುವ ಸ್ಟೆಮ್ ಸೆಲ್ ಮೂಲದ ಉತ್ಪನ್ನ ಸದಾಕಾಲ ಹೊಸ ಔಷಧವೆಂದೇ ಪರಿಗಣಿತವಾಗುತ್ತದೆ. ಏಜೆನ್ಸಿ ಪಡೆಯುವ ಆತುರದಲ್ಲಿರುವ ವರ್ತಕರು ಸಹಿ ಹಾಕುವ ಮುನ್ನ ಪರವಾನಗಿ ಪತ್ರವನ್ನು ಕೇಳಿ ನೋಡುವುದು ಕ್ಷೇಮ.

ಹಾಗೆಂದು ಈ ಕ್ಷೇತ್ರದಿಂದ ದೂರವಿರಬೇಕಾಗಿಲ್ಲ. ಸೂಕ್ಷ್ಮ ಶೋಧಕ ಪೊರೆಗಳು, ಕ್ರಿಮಿರಹಿತ ಚೀಲಗಳು, ಅತಿಶೈತ್ಯ ಪೆಟ್ಟಿಗೆಗಳು, ಅಳತೆಯ ಉಪಕರಣಗಳು ಲಸಿಕೆ ಹಾಗೂ ಇತರ ಜೈವಿಕ ಔಷಧಗಳ ತಯಾರಿಕೆಗೂ ಬೇಕಾದವು. ಎಕ್ಸೋಸೋಮ್ ಗೆಲ್ಲಲಿ, ಸೋಲಲಿ, ಇವುಗಳ ಬೇಡಿಕೆ ನಿಲ್ಲದು. ಸಣ್ಣ ತಯಾರಕರಿಗೆ ಭದ್ರವಾದ ಪ್ರವೇಶದ್ವಾರ ಇದು.

ಲೆಕ್ಕಪತ್ರ ಮಾನದಂಡ 26 ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಲು ಅವಕಾಶ ನೀಡುವುದಿಲ್ಲ. ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕೆನ್ನುತ್ತದೆ. ತಾಂತ್ರಿಕ ಸಾಧ್ಯತೆಯೂ ಮುಂದಿನ ಆದಾಯವೂ ರುಜುವಾತಾದ ಅನಂತರವಷ್ಟೇ ಅಭಿವೃದ್ಧಿ ವೆಚ್ಚ ಆಸ್ತಿಯಾಗಬಲ್ಲದು. ಹೂಡಿಕೆಯ ನಿರ್ಧಾರದಲ್ಲಿಯೂ ಇದೇ ವಿವೇಕ ಇರಬೇಕು. ಮಿದುಳಿನ ರೋಗಿಗಳ ಕುಟುಂಬಗಳು ಈ ಔಷಧಗಳಿಗಾಗಿ ಆಸೆಗಣ್ಣಿನಿಂದ ಕಾದಿವೆ. ಅಳತೆಗೆ ನಿಲ್ಲದ ಸರಕನ್ನು ಅವಸರದಲ್ಲಿ ಮಾರಿ ಆ ನಂಬಿಕೆಯನ್ನು ಕಳೆದರೆ, ನಾಳೆ ನಿಜವಾದ ಔಷಧ ಬಂದಾಗಲೂ ಕೊಳ್ಳುವವರು ಅನುಮಾನಿಸುವರು. ಆದುದರಿಂದ ತಕ್ಕಡಿ ಸಿದ್ಧವಾಗಲಿ, ಅಂಗಡಿ ಆನಂತರ ತೆರೆಯಲಿ.