ಆತಿಥೇಯರಿಗೇ ತಿಳಿಯದ ಗುಟ್ಟು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ವೈಹೋಪಾಯ್ ಕಣಿವೆ ದ್ರಾಕ್ಷಿತೋಟಗಳ ಸೀಮೆ. ಅಲ್ಲಿ 1989ರಲ್ಲಿ ಕೆಲಸ ಆರಂಭಿಸಿದ ಕೇಂದ್ರದ ಬೃಹತ್ ಬಿಳಿ ಗುಮ್ಮಟಗಳು 2022ರಲ್ಲಷ್ಟೇ ಕಣ್ಮರೆಯಾದವು. ಗುಮ್ಮಟದೊಳಗಿನ ಡಿಶ್ ಆಂಟೆನಾಗಳ ಕೆಲಸ ಸಂಪರ್ಕ ಉಪಗ್ರಹಗಳ ಮೂಲಕ ಹಾದುಹೋಗುವ ಅನ್ಯರ ಸಂದೇಶಗಳನ್ನು ಹಿಡಿಯುವುದು. ಡಿಶ್ ಯಾವ ಉಪಗ್ರಹದತ್ತ ಮುಖ ಮಾಡಿದೆ ಎಂಬುದು ಹೊರಗಿನವರಿಗೆ ಕಾಣದಂತೆ ಗುಮ್ಮಟ ಮರೆಮಾಡುತ್ತಿತ್ತು. ಗುಟ್ಟು ಶತ್ರುವಿನಿಂದ ಮರೆಯಾಗಿದ್ದರೆ ಆಕ್ಷೇಪಿಸಲು ಕಾರಣವಿರಲಿಲ್ಲ. ಅದು ಯಾರಿಂದಲೆಲ್ಲ ಮರೆಯಾಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ.

ಈ ಕೇಂದ್ರ ಸ್ಥಾಪನೆಯಾದಾಗ ಅಲ್ಲಿನ ಪ್ರಧಾನಿಯಾಗಿದ್ದವರು ಡೇವಿಡ್ ಲಾಂಗೆ. ಅಣ್ವಸ್ತ್ರ ಹೊತ್ತಿರಬಹುದಾದ ಅಮೆರಿಕದ ಯುದ್ಧನೌಕೆಗೆ 1985ರಲ್ಲಿ ಬಂದರಿನ ಬಾಗಿಲು ಮುಚ್ಚಿ, 1987ರಲ್ಲಿ ದೇಶವನ್ನೇ ಅಣ್ವಸ್ತ್ರಮುಕ್ತವೆಂದು ಕಾನೂನು ಮಾಡಿಸಿದ ಧೀಮಂತ. ಸಿಟ್ಟಾದ ಅಮೆರಿಕ ರಕ್ಷಣಾ ಮೈತ್ರಿಯನ್ನೇ ಅಮಾನತಿನಲ್ಲಿಟ್ಟಿತು. ಇನ್ನು ದೊಡ್ಡಣ್ಣನ ಹಂಗಿಲ್ಲ, ನಮ್ಮ ಗುಪ್ತಚರ ವ್ಯವಸ್ಥೆ ನಮ್ಮದೇ ಎಂಬ ನಂಬಿಕೆಯಿಂದ ಲಾಂಗೆ ವೈಹೋಪಾಯ್‌ಗೆ ಒಪ್ಪಿಗೆ ಕೊಟ್ಟರು. ಆದದ್ದು ಬೇರೆ. ಪತ್ರಕರ್ತ ನಿಕಿ ಹ್ಯಾಗರ್ 1996ರಲ್ಲಿ ಪ್ರಕಟಿಸಿದ ‘ಸೀಕ್ರೆಟ್ ಪವರ್’ ಕೃತಿಯ ಪ್ರಕಾರ, ಅಲ್ಲಿನ ಕಂಪ್ಯೂಟರುಗಳಲ್ಲಿ ನ್ಯೂಜಿಲೆಂಡಿನ ಹುಡುಕುಪದಗಳ ಜೊತೆಗೆ ಮಿತ್ರರಾಷ್ಟ್ರಗಳ ಹುಡುಕುಪದಗಳ ಪಟ್ಟಿಗಳೂ ಕೆಲಸ ಮಾಡುತ್ತಿದ್ದವು. ಆ ಪಟ್ಟಿಗಳಿಗೆ ಸಿಕ್ಕಿದ್ದು ನೇರವಾಗಿ ಆಯಾ ದೇಶಕ್ಕೆ ರವಾನೆಯಾಗುತ್ತಿತ್ತು. ತಮ್ಮ ದೇಶ ಇಂಥ ಜಾಲವೊಂದರ ಕೊಂಡಿಯಾಗಿದೆ ಎಂಬುದು ಈ ಪುಸ್ತಕ ಓದುವವರೆಗೆ ತಮಗೇ ಅರಿವಿರಲಿಲ್ಲವೆಂದು ಅದರ ಮುನ್ನುಡಿಯಲ್ಲಿ ಬರೆದವರು ಸ್ವತಃ ಲಾಂಗೆ. ಹಡಗನ್ನು ತಡೆದ ಪ್ರಧಾನಿಗೆ ತನ್ನ ಹಿತ್ತಲಿನ ಗುಮ್ಮಟದ ಕಥೆ ಗೊತ್ತಿರಲಿಲ್ಲ!

ಈ ಜಾಲದ ಮೂಲ 1946ರ ಮಾರ್ಚ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಳಿಕ ಸೇರಿಕೊಂಡು ಅದು ‘ಫೈವ್ ಐಸ್’ ಆಯಿತು. ಒಪ್ಪಂದದ ಪಾಠ ಸಾರ್ವಜನಿಕರ ಕೈಗೆ ಬಂದದ್ದು 2010ರಲ್ಲಿ, ಅಂದರೆ 64 ವರ್ಷಗಳ ನಂತರ.

ಆಸ್ಟ್ರೇಲಿಯಾದ ಅನುಭವ ಇನ್ನಷ್ಟು ವಿಚಿತ್ರ. ಆಲಿಸ್ ಸ್ಪ್ರಿಂಗ್ಸ್ ಬಳಿಯ ಪೈನ್ ಗ್ಯಾಪ್ ಕೇಂದ್ರಕ್ಕೆ 1966ರಲ್ಲಿ ಸಹಿ ಬಿದ್ದಾಗ ಜನರಿಗೆ ಹೇಳಿದ್ದು ‘ಬಾಹ್ಯಾಕಾಶ ಸಂಶೋಧನೆ’ ಎಂದು. ವಾಸ್ತವದಲ್ಲಿ ಅದು ರೇಡಿಯೊ ಸಂಕೇತಗಳನ್ನೂ ಕ್ಷಿಪಣಿ ಪರೀಕ್ಷೆಯ ಮಾಹಿತಿಯನ್ನೂ ಹೀರುವ ಅಮೆರಿಕದ ಉಪಗ್ರಹಗಳ ನಿಯಂತ್ರಣ ಕೇಂದ್ರ. ಶಸ್ತ್ರಾಸ್ತ್ರ ನಿಯಂತ್ರಣ ಒಪ್ಪಂದಗಳ ಪಾಲನೆಯನ್ನು ಪರಿಶೀಲಿಸಲು ಅದರಿಂದ ಉಪಯೋಗವಾಗಿದೆ ಎಂಬುದನ್ನು ಒಪ್ಪಬೇಕು. ಆದರೆ 1999ರಲ್ಲಿ ಈ ಒಪ್ಪಂದದ ವಿಸ್ತರಣೆಯನ್ನು ಪರಿಶೀಲಿಸಲು ಕುಳಿತ ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಗೆ ಅಗತ್ಯ ಮಾಹಿತಿಯೇ ದೊರೆಯಲಿಲ್ಲ. ಅಮೆರಿಕದ ಕಾಂಗ್ರೆಸ್ ಸದಸ್ಯರು ಒಳಹೊಕ್ಕು ನೋಡಬಹುದಾದ ಕೇಂದ್ರದ ಬಗ್ಗೆ, ಆ ನೆಲದ ಜನಪ್ರತಿನಿಧಿಗಳು ಕತ್ತಲಲ್ಲಿರಬೇಕಾಯಿತು. ಮಿತ್ರನ ಸಂಸತ್ತಿಗಿರುವ ವಿಶ್ವಾಸಾರ್ಹತೆ ಸ್ವಂತ ಸಂಸತ್ತಿಗೆ ಇಲ್ಲವೆಂದಾದರೆ ಅದನ್ನು ಮೈತ್ರಿ ಎಂದು ಕರೆಯುವುದು ಹೇಗೆ?

ಇದು ದೂರದ ಎರಡು ದೇಶಗಳ ಮನೆವಾರ್ತೆ ಎಂದು ನಾವು ಸುಮ್ಮನಿರುವಂತಿಲ್ಲ. ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ, 2015ರಲ್ಲಿ ಪ್ರಕಟವಾದ ದಾಖಲೆಯೊಂದರ ಪ್ರಕಾರ, ನ್ಯೂಜಿಲೆಂಡಿನ ಗುಪ್ತಚರ ಸಂಸ್ಥೆ ಅಮೆರಿಕಕ್ಕೆ ಮಾಹಿತಿ ಒದಗಿಸುತ್ತಿದ್ದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಇನ್ನೊಂದೆಡೆ, ನಾವೇ ಅಮೆರಿಕದ ಸಮೀಪಕ್ಕೆ ಸರಿದಿದ್ದೇವೆ: ಸುರಕ್ಷಿತ ಸಂವಹನ ಸಾಧನಗಳಿಗಾಗಿ 2018ರಲ್ಲಿ, ಭೂಪ್ರಾದೇಶಿಕ ಮಾಹಿತಿಯ ವಿನಿಮಯಕ್ಕಾಗಿ 2020ರಲ್ಲಿ ಒಪ್ಪಂದಗಳಾಗಿವೆ. ಇವನ್ನು ‘ಫೈವ್ ಐಸ್’ ಜಾಲಕ್ಕೆ ಹೋಲಿಸುವುದು ಅತಿರೇಕವಾದೀತು. ಗಡಿಯಲ್ಲಿ ಚೀನಾ ಎದುರು ನಿಂತಿರುವಾಗ ಉಪಗ್ರಹ ಮಾಹಿತಿ ಬೇಡವೆನ್ನುವುದು ಜಾಣತನವೂ ಅಲ್ಲ. ಆದರೆ ಒಪ್ಪಂದ ಮಾಡಿಕೊಳ್ಳುವುದು ನಮ್ಮಲ್ಲಿ ಕಾರ್ಯಾಂಗದ ಅಧಿಕಾರ, ಅದಕ್ಕೆ ಸಂಸತ್ತಿನ ಅನುಮೋದನೆ ಬೇಕಿಲ್ಲ. 1968ರಲ್ಲಿ ಹುಟ್ಟಿದ ‘ರಾ’ ಆಗಲಿ, 2004ರಲ್ಲಿ ಹುಟ್ಟಿದ ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆಯಾಗಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪಿತವಾದವಲ್ಲ. ಲಾಂಗೆಗೆ ಒದಗಿದ ಸ್ಥಿತಿ ನಾಳೆ ನಮ್ಮ ಸಚಿವರೊಬ್ಬರಿಗೆ ಒದಗಿದರೆ, ಅದನ್ನು ತಿಳಿಯಲು ನಮ್ಮಲ್ಲಿ ಯಾವ ದಾರಿಯಿದೆ?

ಸಂಸದರ ಕೈಗೆ ಕೊಟ್ಟರೆ ಗುಟ್ಟು ಬಯಲಾದೀತು ಎಂಬುದು ಅಧಿಕಾರಿವರ್ಗದ ಮಾಮೂಲು ಆತಂಕ. ಅಮೆರಿಕದಲ್ಲಿ 1970ರ ದಶಕದಿಂದಲೂ ಬ್ರಿಟನ್ನಿನಲ್ಲಿ 1994ರಿಂದಲೂ ಗುಪ್ತಚರ ಸಂಸ್ಥೆಗಳ ಮೇಲುಸ್ತುವಾರಿಗೆ ಜನಪ್ರತಿನಿಧಿಗಳ ಸಮಿತಿಗಳಿವೆ. ಅದರಿಂದ ಆ ದೇಶಗಳ ಭದ್ರತೆ ಕುಸಿದುಬಿದ್ದಿಲ್ಲ. ನಮ್ಮಲ್ಲಿಯೂ ಅಂದಿನ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ 2010ರಲ್ಲಿ ಇಂಥ ಉತ್ತರದಾಯಿತ್ವಕ್ಕಾಗಿ ಒತ್ತಾಯಿಸಿದ್ದರು. ಮರುವರ್ಷ ಸಂಸದ ಮನೀಶ್ ತಿವಾರಿ ತಂದ ಖಾಸಗಿ ಮಸೂದೆ ಮೇಲುಸ್ತುವಾರಿ ಸಮಿತಿಯೊಂದನ್ನು ಸೂಚಿಸಿತ್ತು, ಅದು ಕಾನೂನಾಗಲಿಲ್ಲ. ಸರ್ಕಾರ ಆ ಕರಡನ್ನು ತನ್ನದಾಗಿಸಿಕೊಂಡು ಮತ್ತೆ ಸದನಕ್ಕೆ ತರಬೇಕು. ತರುವಾಗ, ವಿದೇಶಗಳೊಡನೆ ಮಾಡಿಕೊಳ್ಳುವ ಮಾಹಿತಿ ಹಂಚಿಕೆಯ ಒಪ್ಪಂದಗಳೂ ಆ ಸಮಿತಿಯ ಪರಿಶೀಲನೆಗೆ ಒಳಪಡಬೇಕೆಂಬ ಕಲಮು ಅದರಲ್ಲಿ ಸ್ಪಷ್ಟವಾಗಿರಬೇಕು.